ನೀಲಗಿರಿ ತೋಪು ಕಡಿಸಿದರೆ ಮಣ್ಣಿನ ಇಂಗಾಲ ಹೋಗಿಬಿಡುತ್ತದಾ?

ಕೋಲಾರದ ಕಡೆ ನೀಲಗಿರಿ ತೋಪು ಕಡಿಸಬೇಕು, ಮಣ್ಣಿನ ಇಂಗಾಲ, ಅಂದರೆ ಎಲೆ, ಬೇರು ಕೊಳೆತು ಮಣ್ಣಲ್ಲಿ ಸೇರಿಕೊಂಡ ಸಾವಯವ ಇಂಗಾಲ, ಹಾಳಾಗದ ಹಾಗೆ ಹೇಗೆ ಕಡಿಸುವುದು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಕಡಿಸುವ ಮೊದಲೇ ಕೇಳಿದ್ದು ಇನ್ನೂ ಒಳ್ಳೆಯದಾಯಿತು.

ಮರ ಉರುಳಿದ್ದರಿಂದಲೇ ಆಗುವ ನಷ್ಟ ಕಡಿಮೆ. ಆಮೇಲೆ ತೋಪಿನಿಂದ ಏನೇನು ಹೊರಗೆ ಹೋಗುತ್ತದೆ, ನೆಲವನ್ನು ಎಷ್ಟು ಬಗೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಮಶೀತೋಷ್ಣ ದೇಶಗಳ ಕಾಡುಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಒಂದು ವಿಶ್ಲೇಷಣೆ ಬಂತು. ಕಡಿತದಿಂದ ಮಣ್ಣಿನ ಇಂಗಾಲ ಸರಾಸರಿ ಶೇ. 8ರಷ್ಟು ಇಳಿದಿತ್ತು. ಆದರೆ ಮೇಲಿನ ತರಗಿನ ಪದರದಲ್ಲೇ ನಷ್ಟ ಶೇ. 30ರಷ್ಟು! ಆ ಅಂಕಿಗಳನ್ನು ನಮ್ಮ ಕೆಂಪು ಮಣ್ಣಿಗೆ ಹಾಗೇ ಹಚ್ಚಬಾರದು. ಆದರೂ ಪೆಟ್ಟು ಮೊದಲು ಬೀಳುವುದು ತರಗಿಗೆ ಅನ್ನುವುದು ಗೊತ್ತಾಗುತ್ತದೆ, ಅಲ್ವಾ?

ನಿಮ್ಮ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5 ಬಂದಿದೆ ಅಂದುಕೊಳ್ಳಿ. ಒಂದು ಎಕರೆಯಲ್ಲಿ ಒಂದು ಅಡಿ ಆಳದ ಮಣ್ಣು ಸುಮಾರು 1,700 ಟನ್ ತೂಗುತ್ತದೆ. ಅದರಲ್ಲಿರುವ ಇಂಗಾಲ ಬರೀ ಎಂಟೂವರೆ ಟನ್. ಇಷ್ಟು ಸಣ್ಣ ಗಂಟನ್ನು ಕಳೆದುಕೊಳ್ಳುವುದು ಸುಲಭ.

ಹಾಗಾಗಿ ಕಂಟ್ರಾಕ್ಟರ್ ಹತ್ತಿರ ಮೊದಲೇ ಖಡಾಖಂಡಿತವಾಗಿ ಮಾತಾಡಿ. ದಿಮ್ಮಿ ಮಾತ್ರ ಅವರದು, ಎಲೆ, ಸಣ್ಣ ರೆಂಬೆ, ಸಿಪ್ಪೆ ನಿಮ್ಮದು. ಸಿಪ್ಪೆಯನ್ನು ತೋಪಿನಲ್ಲೇ ಸುಲಿಸಿ, ಸಾಲುಗಳ ನಡುವೆ ಹರಡಿಸಿ. ನೀಲಗಿರಿ ಸಿಪ್ಪೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಹೊರಗೆ ಹೋದರೆ ನೆಲಕ್ಕೆ ಅದೂ ನಷ್ಟ. ದಯವಿಟ್ಟು ಗುಡ್ಡೆ ಹಾಕಿ ಬೆಂಕಿ ಇಡಬೇಡಿ. ಇಂಗಾಲದ ಜೊತೆ ಸಾರಜನಕವೂ ಹೊಗೆಯಾಗಿ ಹೋಗುತ್ತದೆ. ಕಾಂಗೋದ ಪಾಯಿಂಟ್ ನ್ವಾರ್ ಹತ್ತಿರದ ಮರಳು ನೆಲದಲ್ಲಿ, ಇವನ್ನೆಲ್ಲ ಹೊರಗೆ ಸಾಗಿಸಿದರೆ ಏನಾಗುತ್ತದೆ ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ತರಗು, ರೆಂಬೆ ಎಲ್ಲ ಬಳಿದುಕೊಂಡು ಹೋದ ತಾಕುಗಳಲ್ಲಿ ಮುಂದಿನ ನೀಲಗಿರಿ ಸೊರಗಿತು.

ನನಗೆ ಜಾಸ್ತಿ ಸಂಕಟವಾಗುವುದು ಜೆಸಿಬಿ ತಂದು ಬೊಡ್ಡೆ ಕೀಳಿಸಿ ಇಟ್ಟಿಗೆ ಗೂಡಿಗೆ ಮಾರುವುದನ್ನು ನೋಡಿದಾಗ. ಬೊಡ್ಡೆಗೊಂದು ಗುಂಡಿ. ಒಳಗಿನ ಸಪ್ಪೆ ಮಣ್ಣು ಮೇಲೆ, ಮೇಲಿನ ಸತ್ವದ ಮಣ್ಣು ಒಳಗೆ. ಸಡಿಲಾದದ್ದೆಲ್ಲ ಮೊದಲ ಜೋರು ಮಳೆಗೆ ಕೆರೆ ಕಡೆ ಹೊರಡುತ್ತದೆ. ಬೊಡ್ಡೆ ಬಿಟ್ಟು ಕೂಳೆ ಬೆಳೆಸಿದರೆ, ಅಂದರೆ ಅದರ ಚಿಗುರನ್ನೇ ಮತ್ತೆ ಮರ ಮಾಡಿದರೆ, ಬೇರು ಜೀವಂತ ಇರುತ್ತದೆ, ಉಳುಮೆಯೂ ಬೇಡ. ಅಂತರ್ಜಲದ ಸ್ಥಿತಿ ನೋಡಿದರೆ ಕೋಲಾರದಲ್ಲಿ ನೀಲಗಿರಿ ಮುಂದುವರಿಸಿ ಅನ್ನಲು ನನಗೆ ಮನಸ್ಸಿಲ್ಲ. ಬೇರೆ ಮರಕ್ಕೆ ಬದಲಾಯಿಸುವುದಾದರೆ ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ಸಿ, ಚಿಗುರು ಮುರಿಯುತ್ತಾ ಇರಿ, ನಡುವೆ ಹೊಸ ಸಸಿ ನೆಡಿ. ನಿಧಾನ, ಆದರೆ ಮಣ್ಣು ಉಳಿಯುತ್ತದೆ.

ಲಾರಿ ಒಂದೇ ದಾರಿಯಲ್ಲಿ ಓಡಾಡಲಿ, ಅದೂ ನೆಲ ಒಣಗಿದ್ದಾಗ.

ಮಣ್ಣಿನ ಸ್ಯಾಂಪಲ್ ಕಡಿಸುವ ಮೊದಲೇ ತೆಗೆಯಿರಿ. ತರಗು ಪಕ್ಕಕ್ಕೆ ಸರಿಸಿ, ಮೇಲಿನ ಅರ್ಧ ಅಡಿ ಬೇರೆ, ಅದರ ಕೆಳಗಿನ ಅರ್ಧ ಅಡಿ ಬೇರೆ. ಉತ್ತ ತಕ್ಷಣ ಪರೀಕ್ಷೆ ಮಾಡಿಸಿದರೆ ತರಗು ಬೆರೆತು ಇಂಗಾಲ ಏರಿದ ಹಾಗೆ ಕಾಣಬಹುದು. ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ತೆಗೆದು ಹೋಲಿಸಿ.