ಗ್ಯಾರೇಜ್ ಪ್ರಶ್ನೋತ್ತರ: ಮಳೆ ಬಂದಾಗ ಕೈಕೊಡುವ ವೈಪರ್

ಪ್ರಶ್ನೆ: ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಮೊದಲ ಮಳೆಗೆ ವೈಪರ್ ಹಾಕಿದರೆ ಎರಡು ಸಲ ಆಡಿ, ಗುಂಯ್ ಎಂದು ನಿಂತುಬಿಟ್ಟಿತು. ಹೊಸ ಫ್ಯೂಸ್ ಹಾಕಿದರೆ ಅದೂ ಸುಟ್ಟಿತು. ‘ಮೋಟಾರ್ ಹೋಗಿದೆ, ಈಗ ಎಲ್ಲೂ ಸಿಗೋದಿಲ್ಲ’ ಎನ್ನುತ್ತಾರೆ ಗ್ಯಾರೇಜಿನವರು. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಗುಂಯ್ ಎನ್ನುವ ಮೋಟಾರ್ ಸತ್ತಿಲ್ಲ, ಹೊರಲಾಗದ ಭಾರ ಹೊತ್ತು ಒದ್ದಾಡುತ್ತಿದೆ. ತಿರುಗಲಾಗದೆ ನಿಂತ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದಕ್ಕೇ ಫ್ಯೂಸ್ ಸುಡುವುದು. ದಯವಿಟ್ಟು ಬಿಳಿಯ 8 ಆಂಪಿಯರ್ ಫ್ಯೂಸ್ ಇದ್ದ ಜಾಗಕ್ಕೆ ಕೆಂಪು 16ರದ್ದು ಹಾಕಬೇಡಿ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಹಳೇ ಚಾಳಿಯೂ ಬೇಡ. ಹಾಗೆ ಮಾಡಿದರೆ ಮುಂದಿನ ಸಲ ಸುಡುವುದು ಮೋಟಾರಿನೊಳಗೆ ಸುತ್ತಿದ ತಂತಿ, ಅಂದರೆ ವೈಂಡಿಂಗೇ.

ಮೊದಲು ಅನುಮಾನಿಸಬೇಕಾದ್ದು ಬ್ಲೇಡಿನ ಕೈಗಳನ್ನು ಹೊತ್ತ ಎರಡು ಸ್ಪಿಂಡಲ್‌ಗಳನ್ನು. ಬುಡದ ರಬ್ಬರ್ ವಾಷರ್ ಬಿರುಕು ಬಿಟ್ಟರೆ ನೀರು ಒಳಗಿಳಿಯುತ್ತದೆ. ಎಂಟು ತಿಂಗಳು ವೈಪರ್ ಮುಟ್ಟದೆ ಬಿಟ್ಟರಂತೂ ಸ್ಪಿಂಡಲ್ಲಿನ ಉಕ್ಕಿನ ಶಾಫ್ಟ್ ತಾನು ತಿರುಗುವ ಕೊಳವೆಯಲ್ಲೇ (ಬುಷ್) ತುಕ್ಕು ಹಿಡಿದು ಕೂರುತ್ತದೆ. ಕಡಲ ಗಾಳಿಯ ಊರುಗಳಲ್ಲಿ ಇದು ಇನ್ನೂ ಬೇಗ. ಬ್ಲೇಡನ್ನು ಕೈಯಿಂದ ತಳ್ಳಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಳಗಿರುವುದು ವರ್ಮ್ ಗೇರ್. ಮೋಟಾರ್ ಅದನ್ನು ತಿರುಗಿಸೀತು, ಹೊರಗಿನಿಂದ ನೀವು ಮೋಟಾರನ್ನು ತಿರುಗಿಸಲಾರಿರಿ. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ.

ಆದ್ದರಿಂದ ಬ್ಯಾಟರಿ ತಂತಿ ಬಿಚ್ಚಿ, ಮೋಟಾರ್ ತಿರುಗಿಸುವ ಪುಟ್ಟ ತೋಳಿನಿಂದ (ಕ್ರ್ಯಾಂಕ್) ಸ್ಪಿಂಡಲ್‌ಗಳಿಗೆ ಹೋಗುವ ಲಿಂಕ್ ಸರಳನ್ನು ಕಳಚಿ. ಬಿಚ್ಚುವ ಮುಂಚೆ ಕ್ರ್ಯಾಂಕ್ ನಿಂತ ಜಾಗಕ್ಕೆ ಗೀರು ಗುರುತು ಹಾಕಿ. ಈಗ ಲಿಂಕನ್ನು ಅಲ್ಲಾಡಿಸಿ. ಒಂದೇ ಬೆರಳಿಗೆ ಆಡಬೇಕು. ಆಡದಿದ್ದರೆ ಕಳ್ಳ ಸಿಕ್ಕಂತೆ. ಸ್ಪಿಂಡಲ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಶಾಫ್ಟ್ ಹಿಡಿದಿರುವ ಸ್ಪ್ರಿಂಗ್ ಬಳೆ (ಸರ್ಕ್ಲಿಪ್) ತೆಗೆದು ಶಾಫ್ಟ್ ಹೊರಗೆಳೆದು 600 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ರಬ್ಬರ್ ವಾಷರ್ ಹೊಸದು ಹಾಕಿ. ಬರೇ ಸ್ಪ್ರೇ ಹೊಡೆದು ಬಿಟ್ಟರೆ ಎರಡು ವಾರ ಆಡಿ ಮತ್ತೆ ಬಿಗಿಯುತ್ತದೆ, ಏಕೆಂದರೆ ಸ್ಪ್ರೇ ತುಕ್ಕು ಸಡಿಲಿಸುತ್ತದೆ ಅಷ್ಟೇ, ಜಿಡ್ಡಾಗಿ ಉಳಿಯುವುದಿಲ್ಲ.

ಲಿಂಕ್ ಸಲೀಸಾಗಿದೆಯೇ? ಹಾಗಾದರೆ ಬ್ಯಾಟರಿ ತಂತಿ ಮತ್ತೆ ಸೇರಿಸಿ, ಮೋಟಾರನ್ನು ಒಂಟಿಯಾಗಿ ಓಡಿಸಿ. ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಬದಲಿಸಿ ಸರಣಿಯಲ್ಲಿ ಸೇರಿಸಿ. ಭಾರವಿಲ್ಲದೆ 2ರಿಂದ 3 ಆಂಪಿಯರ್ ಬಂದರೆ ಆರೋಗ್ಯ. 5 ದಾಟಿದರೆ ಒಳಗಿನ ಗ್ರೀಸ್ ಮೇಣವಾಗಿದೆ, ಇಲ್ಲವೇ ಬುಷ್ ಬಿಗಿದಿದೆ. ನಿಧಾನಕ್ಕೆ ತೆವಳುತ್ತಿದ್ದರೆ ಅರ್ಥಿಂಗ್, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ಮರಳುವ ದಾರಿ, ನೋಡಿ. ಮೀಟರನ್ನು ಮತ್ತೆ ವೋಲ್ಟ್ ತೂತಿಗೆ ಬದಲಿಸಿ, ಒಂದು ಮೊನೆ ಮೋಟಾರಿನ ಮೈಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ಓಡುವಾಗ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬೋಲ್ಟ್ ಅಡಿಯ ಬಣ್ಣ, ತುಕ್ಕು ಕೆರೆಯಿರಿ. ರಬ್ಬರ್ ಮೇಲೆ ಕೂತ ಮೋಟಾರಿಗೆ ಬೇರೆಯೇ ಅರ್ಥಿಂಗ್ ತಂತಿ ಬೇಕು. ಪೇಂಟ್ ಕೆಲಸದ ನಂತರ ಅದನ್ನು ಸೇರಿಸಲು ಮರೆಯುವುದು ಹೊಸದೇನಲ್ಲ.

ಮೋಟಾರನ್ನೇ ಬಿಚ್ಚಬೇಕಾದರೆ, ಒಳಗೆ ತಿರುಗುವ ಭಾಗದ (ಆರ್ಮೇಚರ್) ತುದಿಯ ಸಣ್ಣ ಉಕ್ಕಿನ ಗುಂಡು ಅಥವಾ ವಾಷರ್ ಜಾರಿ ಬೀಳುತ್ತದೆ, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಮೈಗೆ ಸುತ್ತಿಗೆ ತಾಗಿಸಬೇಡಿ. ಒಳಗೆ ಮ್ಯಾಗ್ನೆಟ್ ಇದ್ದರೆ ಸೀಳುತ್ತದೆ. ಕಾರ್ಬನ್ ಬ್ರಷ್ 5 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. ಅದೇ ಅಳತೆಯದು ಸಿಗದಿದ್ದರೆ ಸ್ವಲ್ಪ ದೊಡ್ಡದನ್ನು ತಂದು ಅರದಿಂದ ಉಜ್ಜಿ, ಗೂಡಿನಲ್ಲಿ ಸಲೀಸಾಗಿ ಜಾರುವಂತೆ ಮಾಡಿಕೊಳ್ಳಿ. ಬ್ರಷ್ ಉಜ್ಜುವ ತಾಮ್ರದ ಉರುಳೆಗೂ (ಕಮ್ಯುಟೇಟರ್) ನಯವಾದ ಪೇಪರೇ ಸಾಕು, ಎಮರಿ ಬೇಡ. ಸೀಳುಗಳ ಕರಿಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಗೇರಿಗೆ ಒಂದು ಟೀ ಚಮಚ ಲಿಥಿಯಂ ಗ್ರೀಸ್, ಹಿತ್ತಾಳೆ ಬಣ್ಣದ ಬುಷ್‌ಗೆ ಎರಡು ಹನಿ ಎಂಜಿನ್ ಆಯಿಲ್. ಹಲ್ಲು ಸವೆದ ಗೇರಿಗೆ ಎಂ-ಸೀಲ್ ಮೆತ್ತುವ ಸಾಹಸ ಮಾತ್ರ ಬೇಡ.

‘ಎಲ್ಲೂ ಸಿಗೋದಿಲ್ಲ’ ಎಂಬ ಮಾತನ್ನು ನಂಬುವ ಮೊದಲು ಕುರ್ಲಾದ ಸಿಎಸ್‌ಟಿ ರಸ್ತೆಯ ಭಂಗಾರ್ (ಗುಜರಿ) ಅಂಗಡಿಗಳನ್ನು ಒಂದು ಸುತ್ತು ಹಾಕಿ. ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ ಪೂರ್ತಿ ಇಳಿದದ್ದು 2023ರ ಅಕ್ಟೋಬರಿನಲ್ಲಷ್ಟೇ. ಬ್ಯಾಟರಿಗೆ ತಾಗಿಸಿ ಓಡಿಸಿ ತೋರಿಸದ ಮೋಟಾರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಹಳೆಯ ಅಂಬಾಸಡರ್. ವೈಪರ್ ಚೆನ್ನಾಗಿ ಆಡುತ್ತದೆ, ಆದರೆ ಸ್ವಿಚ್ ಆಫ್ ಮಾಡಿದಲ್ಲೇ, ಗಾಜಿನ ನಡುವೆ ನಿಲ್ಲುತ್ತದೆ.
– ವಾಸ್ಕೋ, ಗೋವಾ

ಉತ್ತರ: ನಿಮ್ಮ ಮೋಟಾರ್ ಸರಿಯಾಗಿದೆ, ಪಾರ್ಕಿಂಗ್ ಕಾಂಟ್ಯಾಕ್ಟ್ ಕೆಟ್ಟಿದೆ. ನೀವು ಆಫ್ ಮಾಡಿದ ಮೇಲೂ ಬ್ಲೇಡ್ ಕೆಳಗಿಳಿಯುವ ತನಕ ಮೋಟಾರಿಗೆ ಕರೆಂಟ್ ಕೊಡುವುದು ಗೇರ್ ಪೆಟ್ಟಿಗೆಯೊಳಗಿನ ಈ ಕಾಂಟ್ಯಾಕ್ಟೇ. ಅದು ಕರಿಹಿಡಿದರೆ ಅಥವಾ ಅದರ ತಂತಿ ತುಂಡಾದರೆ ನಿಮಗಾದದ್ದೇ ಆಗುತ್ತದೆ. ಅಂಟಿಕೊಂಡರೆ ತದ್ವಿರುದ್ಧ, ಆಫ್ ಮಾಡಿದರೂ ನಿಲ್ಲುವುದಿಲ್ಲ. ವಿಸಿಟಿಂಗ್ ಕಾರ್ಡಿನ ಅಂಚನ್ನು ಸ್ಪಿರಿಟಿನಲ್ಲಿ ಅದ್ದಿ ಕಾಂಟ್ಯಾಕ್ಟ್ ನಡುವೆ ಎಳೆಯಿರಿ. ಲ್ಯೂಕಾಸ್ ಕಂಪನಿಯ ಕೆಲವು ಹಳೆಯ ಮೋಟಾರ್‌ಗಳಲ್ಲಿ ಗೇರ್ ಮೇಲಿನ ಗುಮ್ಮಟದಂಥ ಮುಚ್ಚಳವನ್ನು ಸ್ವಲ್ಪ ತಿರುಗಿಸಿದರೆ ನಿಲ್ಲುವ ಜಾಗ ಬದಲಾಗುತ್ತದೆ.

ಪ್ರಶ್ನೆ: ನನ್ನ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಈಗಿನ ಕಾರಿನ ವೈಪರ್ ಮೋಟಾರ್ ಕೂರಿಸಬಹುದೇ?
– ಕೋಥ್ರುಡ್, ಪುಣೆ

ಉತ್ತರ: ಕೂರಿಸಬಹುದು, ಆದರೆ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ನೋಡಿ. ಬ್ರಿಟಿಷ್ ಮೂಲದ ಅನೇಕ ಹಳೆಯ ಕಾರುಗಳಲ್ಲಿ ಪಾಸಿಟಿವ್ ಬಾಡಿಗೆ ಹೋಗಿರುತ್ತದೆ. ಹಾಗಿದ್ದರೆ ಮ್ಯಾಗ್ನೆಟ್ ಇರುವ ಈಗಿನ ಮೋಟಾರ್ ಹಿಂದುಮುಂದಾಗಿ ತಿರುಗಿ, ಪಾರ್ಕಿಂಗ್ ಕೆಡುತ್ತದೆ. ಹೊಸ ಮೋಟಾರಿನ ಚಲನೆ ನಿಮ್ಮ ಹಳೆಯದರಂತೆಯೇ ಇದೆಯೇ ಎಂದೂ ನೋಡಿಕೊಳ್ಳಿ. ಒಂದರದ್ದು ಸುತ್ತುವ ಕ್ರ್ಯಾಂಕ್, ಇನ್ನೊಂದರದ್ದು ಹಿಂದೆಮುಂದೆ ಹೋಗುವ ಹಲ್ಲಿನ ಕೇಬಲ್ ಆದರೆ ಹೊಂದುವುದಿಲ್ಲ. ಎರಡೂ ಕ್ರ್ಯಾಂಕ್‌ನವಾದರೆ ಶಾಫ್ಟ್ ನಡುವಿನಿಂದ ಪಿನ್ ನಡುವಿನವರೆಗಿನ ಉದ್ದ ಒಂದೇ ಇರಲಿ. ಹೆಚ್ಚಾದರೆ ಬ್ಲೇಡ್ ಗಾಜು ದಾಟಿ ಅಂಚಿನ ಬೀಡಿಂಗಿಗೆ ಬಡಿಯುತ್ತದೆ. ಮೊದಲ ಓಟ ಬ್ಲೇಡ್ ಇಲ್ಲದೆ, ಆಮೇಲೆ ಗಾಜಿಗೆ ನೀರು ಸುರಿದು.