ಮೈಕ್ ಹಿಡಿದವಳು ಮಾತು ಬಿಟ್ಟಾಗ

ನೀಲಮ್ಮ ಅಂತ ಇಟ್ಟುಕೊಳ್ಳೋಣ. ವಯಸ್ಸು 23. ಯಾದಗಿರಿ ಜಿಲ್ಲೆಯ ಒಂದು ತಾಲೂಕು ಊರು. ಬಿ.ಎ. ಮುಗಿಸಿದ್ದಾಳೆ, ಕನ್ನಡದಲ್ಲಿ ಒಳ್ಳೆಯ ಅಂಕ. ಅಪ್ಪ ದಾಲ್ ಮಿಲ್ಲಿನಲ್ಲಿ ತೂಕ ಬರೆಯುತ್ತಾರೆ, ಅವ್ವ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆಕೆ ಓದಿ ಒಪ್ಪಿದ್ದಾಳೆ.

ನಾನು ಆಪ್ತಸಲಹೆಗಾರ್ತಿ. ಕಲಬುರಗಿಯ ನನ್ನ ಕೋಣೆಗೆ ಅವ್ವ ಮತ್ತು ಸೋದರಮಾವನ ಜೊತೆ ಬಂದಿದ್ದಳು. ಬೆಳಗಿನ ರೈಲು ಹಿಡಿದು ವಾಡಿ ಮೇಲೆ ಬಂದಿದ್ದರು. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತಳು, ತಲೆ ಎತ್ತಲಿಲ್ಲ. ಮಾತೆಲ್ಲ ಅವ್ವನದೇ.

"ಮೊದಲ ಇಕಿ ಮೈಕ್ ಹಿಡಕೊಂಡು ಊರೆಲ್ಲ ತಿರಗ್ತಿದ್ಳ್ರಿ. ಈಗ ರೊಟ್ಟಿ ಬೇಕೇನಂದ್ರ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಎರಡು ತಿಂಗಳಾತು."

ಮಾವ ಶಾಲಾ ಮಾಸ್ತರು. ಅವರ ರೋಗನಿರ್ಣಯ ಮೊದಲೇ ತಯಾರಿತ್ತು. "ಬಿ.ಎಡ್. ಮಾಡಂದ್ರ ಕೇಳ್ಲಿಲ್ಲ್ರಿ. ಟಿವಿಯಾಗ ಬರ್ತೀನಂತ ಕುಂತ್ಳು. ಟಿವಿ ಅಂದ್ರ ಬೆಂಗಳೂರಿನೋರ ಕೆಲಸ. ನಮ್ಮಂಥೋರದಲ್ಲ."

ಆ ದಿನ ನಾನೊಂದು ತಪ್ಪು ಮಾಡಿದೆ. ಮನೆಯವರು 'ಕೆರಿಯರ್' ಅಂತ ಫೋನಿನಲ್ಲಿ ಹೇಳಿದ್ದರಿಂದ ನಾನೂ ಅದನ್ನೇ ಹಿಡಿದೆ. ಆಸಕ್ತಿ ಪರೀಕ್ಷೆಯ ಹಾಳೆ ತೆಗೆದೆ, ಕೋರ್ಸುಗಳ ಪಟ್ಟಿ ಓದಿದೆ. ಒಳಗೊಳಗೇ ನಾನೂ ಬಿ.ಎಡ್. ಪಕ್ಷದವಳೇ, ಅದನ್ನು ಮುಚ್ಚಿಡುವುದಿಲ್ಲ. ಹುಡುಗಿ ಹಾಳೆಯ ಮೇಲೆ ಟಿಕ್ ಹಾಕಿ ಕೊಟ್ಟಳು. ಎಲ್ಲ ಪ್ರಶ್ನೆಗೂ ಒಂದೇ ಕಾಲಮಿನಲ್ಲಿ. ಸುಮ್ನೆ ಮುಗಿಸಿದ್ದಳು. ಮುಂದಿನ ವಾರ ಒಬ್ಬಳನ್ನೇ ಒಳಗೆ ಕೂರಿಸಿಕೊಂಡೆ.

ಮೊದಲು ಊಟ, ನಿದ್ದೆ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಅವರಿಗೆ ಹಗುರಾಗುತ್ತದೆ. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಅವಳ ಮೊಬೈಲಿನಲ್ಲಿ ಸೇವ್ ಮಾಡಿಸಿದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಒಮ್ಮೆ ತೋರಿಸಲು ಹೇಳಿದೆ. ಅವರು ನಿದ್ದೆಗೆ ಸ್ವಲ್ಪ ದಿನ ಗುಳಿಗೆ ಕೊಟ್ಟರು.

ಆಮೇಲೆ ಕಥೆ ಬಂತು. ತುಂಡು ತುಂಡಾಗಿ.

ವಾಟ್ಸಾಪಿನಲ್ಲಿ ಒಂದು ಮೆಸೇಜು ಬಂದಿತ್ತು, ತಾಲೂಕಿಗೊಬ್ಬ ವರದಿಗಾರರು ಬೇಕಾಗಿದ್ದಾರೆ ಅಂತ. ಯೂಟ್ಯೂಬಿನ ಒಂದು ಸುದ್ದಿ ಚಾನೆಲ್. 12,000 ರೂಪಾಯಿ 'ಡಿಪಾಸಿಟ್' ಕಟ್ಟಬೇಕು. ಅವ್ವ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕೊಟ್ಟರು. ಬದಲಿಗೆ ಸಿಕ್ಕಿದ್ದು ಲೋಗೋ ಇರುವ ಮೈಕು, ಕೊರಳಿಗೆ ಹಾಕುವ ಐಡಿ ಕಾರ್ಡು, ಮಾವನ ಬೈಕಿಗೆ ಅಂಟಿಸಲು 'ಪ್ರೆಸ್' ಸ್ಟಿಕ್ಕರು. ಹದಿನಾಲ್ಕು ತಿಂಗಳು ದುಡಿದಳು. ವಿಡಿಯೋ ಅವಳದೇ ಮೊಬೈಲಿನಲ್ಲಿ, ಓಡಾಟ ಅವಳದೇ ಖರ್ಚಿನಲ್ಲಿ. ಸಂಬಳ ಒಂದು ರೂಪಾಯಿ ಇಲ್ಲ. ಆಗಸ್ಟ್ 15, ದೀಪಾವಳಿ, ಯಾರಾದರೂ ಮುಖಂಡರ ಹುಟ್ಟುಹಬ್ಬ ಬಂತೆಂದರೆ ಜಾಹೀರಾತು ತರಬೇಕು. ತಂದರೆ ನೂರಕ್ಕೆ 30 ಕಮಿಷನ್, ತರದಿದ್ದರೆ ಗ್ರೂಪಿನಲ್ಲಿ ಎಲ್ಲರ ಮುಂದೆ ಬೈಗುಳ.

ಇಷ್ಟನ್ನೂ ಸಿಟ್ಟಿಲ್ಲದೆ ಹೇಳಿದಳು. ಇದಲ್ಲ ವಿಷಯ ಅಂತ ನನಗೆ ಆಗಲೇ ಅನ್ನಿಸಿತು. ಮೋಸ ಹೋದವರು ಬೈಯುತ್ತಾರೆ, ಅಳುತ್ತಾರೆ. ಈಕೆ ಬೇರೆಯವರ ಲೆಕ್ಕ ಓದಿದ ಹಾಗೆ ಓದುತ್ತಿದ್ದಳು.

ಮೂರನೇ ಸಲ ಬಂದಾಗ ಹೇಳಿದಳು. ಮುಂಗಾರು ಶುರುವಾಗಿತ್ತು. ಗೊಬ್ಬರದ ಅಂಗಡಿ ಮುಂದೆ ರೈತರ ಸಾಲು. ಡಿಎಪಿ ಚೀಲದ ಮೇಲೆ 1,350 ಅಂತ ಅಚ್ಚಾಗಿದೆ, ಕೊಡುತ್ತಿದ್ದದ್ದು 1,600ಕ್ಕೆ. ಜೊತೆಗೆ ಬೇಡದ ಔಷಧದ ಬಾಟಲಿ ಬೇರೆ 'ಲಿಂಕ್' ಹಾಕಿ ಕೊಡುತ್ತಿದ್ದರು. ಸಾಲಿನಲ್ಲಿದ್ದ ಒಬ್ಬ ಮುದುಕ ಇವಳ ಮೈಕ್ ನೋಡಿ "ಬರೀವ್ವ ತಂಗಿ, ಇದು ಬರಿ" ಅಂದ. ಇವಳು ಅವನ ಮಾತು ರೆಕಾರ್ಡ್ ಮಾಡಿಕೊಂಡು ಅಂಗಡಿ ಒಳಗೆ ಹೋದಳು. ಮಾಲೀಕ ಎದ್ದು ನಿಂತು "ಪ್ರೆಸ್‌ನೋರಾ? ಬರ್ರಿ ಬರ್ರಿ, ಚಾ ಕುಡೀರಿ" ಅಂದ. ಇವಳು ಬಾಯಿ ತೆರೆಯುವ ಮೊದಲೇ 500ರ ನೋಟು ಮಡಚಿ ಕೈಗಿಟ್ಟ.

"ನಾ ಕೇಳಿರಲಿಲ್ಲ್ರಿ ಮೇಡಂ. ಆದ್ರ ವಾಪಸ್ಸೂ ಕೊಡಲಿಲ್ಲ. ಅವತ್ತ ಸಂಘದ ಕಂತು ಕಟ್ಟಾದಿತ್ತು."

ಸುದ್ದಿ ಬರಲಿಲ್ಲ. ವಿಡಿಯೋ ಮೊಬೈಲಿನಲ್ಲೇ ಇದೆ. ಎರಡು ದಿನ ಬಿಟ್ಟು ಅದೇ ಮುದುಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು "ಬಂತೇನವ್ವ ಟಿವಿಯಾಗ?" ಅಂತ ಕೇಳಿದನಂತೆ. ಅವತ್ತಿನಿಂದ ಮೈಕು ಟ್ರಂಕಿನೊಳಗೆ. "ನನ್ನ ದನಿ ಕೇಳಿದ್ರ ನನಗೇ ಹೇಸಿಕಿ ಆಗ್ತದ್ರಿ."

ಇಲ್ಲಿ ಆಪ್ತಸಲಹೆಗಾರರಿಗೆ ಒಂದು ಸುಲಭದ ದಾರಿ ಇದೆ. "ಎಲ್ಲರೂ ತಗೋತಾರೆ, ನಿಂದೇನು ಮಹಾ" ಅನ್ನಬಹುದು. ನಾನು ಅನ್ನಲಿಲ್ಲ. ಆಕೆಗೆ ನೋವಾದದ್ದು ಸರಿಯಾದ ಜಾಗದಲ್ಲೇ. ಸುದ್ದಿಯ ಕೆಲಸಕ್ಕೆ ಬೇಕಾದ ಮೊದಲ ಗುಣ ಅದು. ಆದರೆ ತಪ್ಪಿನ ಪಾಲು ಹಂಚಿಕೆ ಸರಿ ಇರಲಿಲ್ಲ, ಎಲ್ಲವನ್ನೂ ತನ್ನ ತಲೆಗೇ ಕಟ್ಟಿಕೊಂಡಿದ್ದಳು. ಹಾಗಾಗಿ ಒಂದು ಹಾಳೆ ಕೊಟ್ಟು ಲೆಕ್ಕ ಬರೆಸಿದೆ. ಹದಿನಾಲ್ಕು ತಿಂಗಳಲ್ಲಿ ಯಾರ ಕೈಯಿಂದ ಯಾರ ಕೈಗೆ ಎಷ್ಟು ಹೋಯಿತು? ಡಿಪಾಸಿಟ್, ಬಸ್ ಚಾರ್ಜು, ಡೇಟಾ ಪ್ಯಾಕು, ಅವಳು ತಂದ ಜಾಹೀರಾತಿನಲ್ಲಿ ಅವರಿಗೆ ಹೋದ 70 ಪಾಲು. ಬರೆದು ಮುಗಿಸಿ ತಾನೇ ನಿಟ್ಟುಸಿರು ಬಿಟ್ಟಳು.

"ರೊಕ್ಕ ನಿನ್ನ ಕಡೆಯಿಂದಲೇ ಹೋಗ್ತಾ ಇದ್ರೆ ನೀನು ನೌಕರಳಲ್ಲ, ಗಿರಾಕಿ" ಅಂದೆ. "ಅವರು ನಿನಗೆ ಮಾರಿದ್ದು ಒಂದು ಕಾರ್ಡು. ಸಂಬಳ ಕೊಡದೆ ಜಾಹೀರಾತಿಗೆ ಕಳಿಸಿದ ಮೇಲೆ ಆ 500ರ ನೋಟು ಇವತ್ತಲ್ಲ ನಾಳೆ ನಿನ್ನ ಕೈಗೆ ಬರೋದೇ ಇತ್ತು."

ಕಾರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಇದರಲ್ಲಿ ಬಹಳ ಹುಡುಗರು ಸಿಕ್ಕಿಬಿದ್ದಿದ್ದಾರೆ. ಚಾನೆಲ್ ಕೊಡುವ ಐಡಿ ಆ ಚಾನೆಲ್ಲಿನದು, ಅಷ್ಟೇ. ಪತ್ರಕರ್ತರಿಗೆ ಸರ್ಕಾರದ ಮಾನ್ಯತೆ ಕೊಡುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಪತ್ರಿಕೆಗಳ ನೋಂದಣಿಯ ಹೊಸ ಕಾಯ್ದೆ 2023ರದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದು ನಿಯತಕಾಲಿಕಗಳಿಗೆ, ಯೂಟ್ಯೂಬ್ ಚಾನೆಲ್ಲಿಗಲ್ಲ. ಡಿಜಿಟಲ್ ಸುದ್ದಿಗೆ 2021ರ ಐಟಿ ನಿಯಮಗಳಿವೆ. ಇನ್ನು ಯೂಟ್ಯೂಬಿನ ಜಾಹೀರಾತು ಹಣ. ಅದಕ್ಕೆ 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಇಲ್ಲವೇ ಶಾರ್ಟ್ಸ್‌ಗೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಅಷ್ಟಾದ ಮೇಲೂ ಹಣ ಬರುವುದು ಚಾನೆಲ್ ಮಾಲೀಕನ ಖಾತೆಗೆ. ನೀಲಮ್ಮನಿಗೆ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ. ಆಕೆಯೂ ಕೇಳಿರಲಿಲ್ಲ. ಇಷ್ಟಪಟ್ಟ ಕೆಲಸ ಸಿಕ್ಕಿತಲ್ಲ ಅನ್ನುವ ಖುಷಿಯಲ್ಲಿ ಸಂಬಳ ಎಷ್ಟು ಅಂತ ಕೇಳಲು ನಾಚಿಕೆಯಾಯಿತಂತೆ. ಕಲೆ, ಮಾಧ್ಯಮ ಅಂತ ಬರುವ ಮಕ್ಕಳಲ್ಲಿ ಈ ನಾಚಿಕೆಯನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದಾಲ್ ಮಿಲ್ಲಿಗೆ ಹಮಾಲಿಗೆ ಹೋಗುವ ಹುಡುಗ ಮೊದಲ ದಿನವೇ ಕೂಲಿ ಕೇಳುತ್ತಾನೆ, ಅಲ್ವಾ?

ಡಿಪಾಸಿಟ್ ವಾಪಸ್ಸಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಫೋನ್‌ಪೇಯಲ್ಲಿ ಕಟ್ಟಿದ್ದರಿಂದ ದಾಖಲೆ ಇತ್ತು. ಒಂದು ನೋಟಿಸ್ ಹೋಯಿತು, 5,000 ವಾಪಸ್ ಬಂತು. ಉಳಿದದ್ದು ಇವತ್ತಿಗೂ ಬಂದಿಲ್ಲ.

500ರ ವಿಷಯ ಆಕೆಗೇ ಬಿಟ್ಟೆ. ಒಂದು ದಿನ ತಾನೇ ಹೋಗಿ ಅಂಗಡಿಯವನ ಮೇಜಿನ ಮೇಲೆ ಇಟ್ಟು ಬಂದಳು. ಆತ ನಕ್ಕನಂತೆ. ಆ ಮುದುಕನನ್ನು ಹುಡುಕಿದಳು, ಊರು ಗೊತ್ತಿಲ್ಲ, ಸಿಗಲಿಲ್ಲ. ಅದು ಹಾಗೇ ಉಳಿದಿದೆ. ಅದನ್ನು ಅಳಿಸುವ ಪ್ರಯತ್ನ ನಾನು ಮಾಡಿಲ್ಲ.

ಇಷ್ಟಾದ ಮೇಲೆ, ಅಂದರೆ ಸುಮಾರು ಎರಡು ತಿಂಗಳ ನಂತರ, ಕೆಲಸದ ಮಾತಿಗೆ ಬಂದೆವು. ಮಾವನನ್ನೂ ಕರೆಸಿದೆ. ಟಿವಿ ಬೆಂಗಳೂರಿನವರದು ಅಂದಿದ್ದರಲ್ಲ, ಅದಕ್ಕೆ ಒಂದು ಹಳೆಯ ಕಥೆ ಹೇಳಿದೆ. 1975–76ರಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ದೇಶದಲ್ಲಿ ಆರು ರಾಜ್ಯ, 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲ್ಬರ್ಗದೊಳಗೇ ಇತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಪ್ಪ ಹೇಳ್ತಿದ್ದ ನೋಡ್ರಿ, ಸಾಲಿ ಮುಂದ ಟಿವಿ ಇಡ್ತಿದ್ರು, ಊರೆಲ್ಲ ಕೂಡ್ತಿತ್ತು ಅಂತ. ನಾ ಸುಳ್ಳ ಅನ್ಕೊಂಡಿದ್ದೆ." ವಾದದಲ್ಲಿ ಗೆಲ್ಲಬೇಕು ಅಂತ ಹೇಳಿದ್ದಲ್ಲ. ಆದರೆ ಅವತ್ತಿನಿಂದ ಅವರ ಬಾಯಲ್ಲಿ ಬಿ.ಎಡ್. ಕಡಿಮೆಯಾಯಿತು.

ಇನ್ನೊಂದು ಗಾಯ ಭಾಷೆಯದು. ಚಾನೆಲ್ಲಿನವನೊಬ್ಬ "ನಿಮ್ಮ ಕಡೆ ಭಾಷೆ ಒರಟು, ಬೆಂಗಳೂರು ಕನ್ನಡ ಕಲಿ" ಅಂದಿದ್ದ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಸುದ್ದಿ ಓದುವಾಗ 'ಭಾರತ' 'ಬಾರತ' ಆಗಬಾರದು, ಶ-ಷ-ಸ ಒಂದೇ ಆಗಬಾರದು. ಅದು ನಾಲಗೆಯ ತಾಲೀಮು, ಯಾವ ಊರಿನವರಿಗೂ ಬೇಕು. ಕಲಬುರಗಿ ಮಾತು ಅವಳ ಆಸ್ತಿ, ಅದನ್ನು ಬಿಡಬೇಕಿಲ್ಲ. ಬೇರೆ ಭಾಷೆಯ ಚಿತ್ರ, ಧಾರಾವಾಹಿಗೆ ಕನ್ನಡದ ದನಿ ಕೊಡುವ ಡಬ್ಬಿಂಗ್ ಕೆಲಸವೂ ಇದೆ. ಕನ್ನಡ ಚಿತ್ರರಂಗದ ಸಂಘಟನೆಗಳು ಅದನ್ನು ತಡೆಯುವುದು ತಪ್ಪೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಕನ್ನಡ ಡಬ್ಬಿಂಗ್ ನಿಧಾನಕ್ಕೆ ಬೆಳೆಯಿತು, 2020ರ ಲಾಕ್‌ಡೌನಿನಲ್ಲಿ ಧಾರಾವಾಹಿಗಳಿಂದ ಜೋರಾಯಿತು. ಅಲ್ಲಿ ಉತ್ತರ ಕರ್ನಾಟಕದ ಪಾತ್ರಕ್ಕೆ ನಿಜವಾದ ದನಿಯೂ ಬೇಕು. ಆದರೆ ಆ ಸ್ಟುಡಿಯೋಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಕೈಯಲ್ಲಿ ಆರು ತಿಂಗಳ ಖರ್ಚಿನ ದುಡ್ಡಿಲ್ಲದೆ ಹೋಗಬೇಡ ಅಂದೆ.

ಹತ್ತಿರದ ದಾರಿ ಆಕಾಶವಾಣಿ. ಕಲಬುರಗಿ ಕೇಂದ್ರ 1966ರಿಂದ ಇದೆ. ಅಗತ್ಯ ಬಿದ್ದಾಗ ಹಂಗಾಮಿ ಉದ್ಘೋಷಕರಿಗೆ ಅರ್ಜಿ ಕರೆಯುತ್ತಾರೆ. ಲಿಖಿತ ಪರೀಕ್ಷೆ, ದನಿ ಪರೀಕ್ಷೆ, ಆಮೇಲೆ 'ವಾಣಿ' ಅನ್ನುವ ತರಬೇತಿ. ಆಯ್ಕೆಯಾದರೂ ತಿಂಗಳಿಗೆ ಹೆಚ್ಚೆಂದರೆ 6 ದಿನದ ಕೆಲಸ. ಹೊಟ್ಟೆ ತುಂಬುವುದಿಲ್ಲ, ಕೈ ಪಳಗುತ್ತದೆ. ಓದು ಬೇಕೆಂದರೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಇದೆ, ಎರಡು ವರ್ಷ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಈ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಸ್ಥಳೀಯರಿಗೆ ಮೀಸಲು, ರಾಜ್ಯಮಟ್ಟದ ಸಂಸ್ಥೆಗಳಲ್ಲೂ ನೂರಕ್ಕೆ 8 ಇದೆ. ಈಕೆಯ ಬಳಿ ಅರ್ಹತಾ ಪ್ರಮಾಣಪತ್ರವೇ ಇರಲಿಲ್ಲ. ಅದನ್ನು ಮೊದಲು ಮಾಡಿಸಲು ಹೇಳಿದೆ.

ಅಲ್ಲಿಯವರೆಗೆ ತಿಂಗಳ ದುಡ್ಡು? ಇದನ್ನು ಕೇಳದೆ ಕೊಟ್ಟ ಸಲಹೆ ಗಾಳಿಗೋಪುರ. ಕೋರ್ಟಿನ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗಿಗೆ ಜನ ಬೇಕಿತ್ತು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಅವಳ ಬೆರಳು ಚುರುಕು. ಸೇರಿಕೊಂಡಳು, ತಿಂಗಳಿಗೆ 8,000. ಮೊದಲ ದಿನವೇ ಸಂಬಳ ಎಷ್ಟು, ಯಾವ ತಾರೀಕಿಗೆ ಅಂತ ಕೇಳಿದಳಂತೆ. ಅಂಗಡಿಯವನು ಬೇಜಾರು ಮಾಡಿಕೊಳ್ಳಲಿಲ್ಲ.

ಮನೆಯಲ್ಲಿ ಮಾಡಲು ಒಂದೇ ಒಂದು ಅಭ್ಯಾಸ ಕೊಟ್ಟೆ. ದಿನಕ್ಕೆ ಹತ್ತು ನಿಮಿಷ ಪತ್ರಿಕೆ ಗಟ್ಟಿಯಾಗಿ ಓದು, ರೆಕಾರ್ಡ್ ಮಾಡು, ಮರುದಿನ ಕೇಳು. ಅದೇ ದಿನ ಕೇಳಬೇಡ. ಮೊದಲ ವಾರ ಆಗಲಿಲ್ಲ, ತನ್ನ ದನಿ ಕೇಳಿ ಮೊಬೈಲು ತಿರುಗಿಸಿ ಇಟ್ಟಳು. ಮೂರನೇ ವಾರ ಒಂದು ತುಣುಕು ನನಗೆ ಕಳಿಸಿದಳು. ಹಿಂದೆ ಮಿಲ್ಲಿನ ಸದ್ದು, ಹೊಲಿಗೆ ಮಷಿನ್ನು, ಪಕ್ಕದ ಮನೆಯ ಕೋಳಿ. ಸ್ಟುಡಿಯೋ ಎಲ್ಲಿಂದ ತರೋದು? ಕೌದಿ ಹೊದ್ದುಕೋ ಅಂದೆ. ಹಳೆ ಸೀರೆ ಏಳೆಂಟು ಪದರ ಹೊಲಿದ ಕೌದಿಗಿಂತ ಚೆನ್ನಾಗಿ ಸದ್ದು ನುಂಗುವುದು ನಮ್ಮ ಕಡೆ ಬೇರೇನಿದೆ! ಕೌದಿಯೊಳಗಿನ ರೆಕಾರ್ಡಿಂಗ್ ನಿಜಕ್ಕೂ ಚೆನ್ನಾಗಿ ಬಂತು.

ಆಕಾಶವಾಣಿಯ ಮೊದಲ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಎರಡು ದಿನ ಬೇಜಾರು, ಊಟ ಮಾತ್ರ ಬಿಡಲಿಲ್ಲ. ಎಂ.ಎ.ಗೆ ಅರ್ಜಿ ಹಾಕಿದ್ದಾಳೆ, ಸಂಘದ ಸಾಲದಲ್ಲಿ ಎರಡು ಕಂತು ಬಾಕಿ ಇದೆ.

ಹೋದ ವಾರ ಅವ್ವ ಫೋನ್ ಮಾಡಿದ್ದರು. ದನಿ ತಗ್ಗಿಸಿ, ಬಹಳ ಗಂಭೀರವಾಗಿ ಕೇಳಿದರು:

"ಮೇಡಂ, ಊಟ ಮಾಡ್ತಾಳ, ಮಾತಾಡ್ತಾಳ, ಎಲ್ಲ ಛಲೋ ಅದಾಳ್ರಿ. ಆದ್ರ ದಿನಾ ರಾತ್ರಿ ಕೌದಿ ಹೊತ್ಕೊಂಡು ಒಬ್ಬಾಕಿನೇ ಮಾತಾಡ್ತಾಳ. ಇದಕ್ಕೂ ಏನರೆ ಗುಳಿಗಿ ಅದ ಏನ್ರಿ?"