ಪ್ರಶ್ನೋತ್ತರ: ಕಲ್ಚರಿನಲ್ಲಿ ಬ್ರುಸೆಲ್ಲಾ ಬಂದರೆ

ಪ್ರಶ್ನೆ: ಜ್ವರ ಇಳಿಯದ ಕುರಿಗಾಹಿಯೊಬ್ಬರ ಬ್ಲಡ್ ಕಲ್ಚರನ್ನು (ರಕ್ತದಲ್ಲಿನ ಸೂಕ್ಷ್ಮಾಣು ಬೆಳೆಸುವ ಪರೀಕ್ಷೆ) ನಾಲ್ಕು ದಿನದ ಹಿಂದೆ ತೆರೆದ ಮೇಜಿನ ಮೇಲೇ ಪ್ಲೇಟ್ ಮಾಡಿದ್ದೆ, ಅಂದರೆ ಬೆಳೆಸುವ ತಟ್ಟೆಗೆ ಹಚ್ಚಿದ್ದೆ. ಅದು ಬ್ರುಸೆಲ್ಲಾ (ಕುರಿ, ಆಡುಗಳಿಂದ ಮನುಷ್ಯರಿಗೆ ಬರುವ ಜ್ವರದ ಬ್ಯಾಕ್ಟೀರಿಯಾ) ಎಂದು ಈಗ ಗೊತ್ತಾಗಿದೆ. ವರ್ಷದ ತಪಾಸಣೆ ಆಗಿದೆ, ಮೈಯೂ ಆರಾಮ ಇದೆ. ಏನಾದರೂ ಮಾಡಬೇಕೇ?
– ಲ್ಯಾಬ್ ಟೆಕ್ನಿಷಿಯನ್, ಬಾಗಲಕೋಟೆ

ಉತ್ತರ: ಮಾಡಬೇಕು, ಇವತ್ತೇ. ಬಿ.ಪಿ., ಶುಗರ್, ಎಕ್ಸ್‌ರೇ ನೋಡುವ ವರ್ಷದ ತಪಾಸಣೆ ಇದನ್ನು ಹಿಡಿಯುವುದಿಲ್ಲ. ಬ್ರುಸೆಲ್ಲಾ ಉಸಿರಿನೊಂದಿಗೆ ಒಳಗೆ ಹೋಗುತ್ತದೆ, ಜ್ವರ ಬರಲು ಸಾಮಾನ್ಯವಾಗಿ 2ರಿಂದ 4 ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ನಾಲ್ಕನೇ ದಿನ ಆರಾಮ ಇದ್ದೀರಿ ಎಂದರೆ ಏನೂ ಹೇಳಿದಂತಾಗಲಿಲ್ಲ.

ಮೊದಲು ರಕ್ತ ಕೊಟ್ಟು ಬ್ರುಸೆಲ್ಲಾ ಅಗ್ಲುಟಿನೇಷನ್ (ಅದರ ವಿರುದ್ಧದ ಪ್ರತಿಕಾಯ ನೋಡುವ ಪರೀಕ್ಷೆ) ಮಾಡಿಸಿ. ಇದು ನಿಮ್ಮ ಬೇಸ್‌ಲೈನ್. ಇದಿಲ್ಲದಿದ್ದರೆ ಮುಂದೆ ಟೈಟರ್ (ಪ್ರತಿಕಾಯದ ಮಟ್ಟ) ಏರಿದೆಯೋ, ಮೊದಲೇ ಇತ್ತೋ ಹೇಳಲಾಗದು. ಕುರಿ, ಆಡು ಸಾಕುವ ಮನೆಯವರಾದರಂತೂ ಇದು ಬೇಕೇ ಬೇಕು. ಆಮೇಲೆ 6, 12, 18, 24ನೇ ವಾರ ಮತ್ತೆ ಪರೀಕ್ಷೆ. 24 ವಾರ ದಿನಾಲೂ ಜ್ವರ ನೋಡಿ ಬರೆದಿಡಿ. ಬೆವರು, ಕೀಲುನೋವು, ಸುಸ್ತು ಬಂದರೆ ವೈದ್ಯರಿಗೆ ಮೊದಲ ಮಾತಿನಲ್ಲೇ ‘ಲ್ಯಾಬಿನಲ್ಲಿ ಬ್ರುಸೆಲ್ಲಾ ಮುಟ್ಟಿದ್ದೆ’ ಎನ್ನಿ. ಹೇಳದಿದ್ದರೆ ಟೈಫಾಯ್ಡ್ ಎಂದೇ ಔಷಧ ಶುರುವಾಗುತ್ತದೆ.

ಪ್ಲೇಟ್ ಮುಟ್ಟಿದವರು, ಒಂದೂವರೆ ಮೀಟರ್ ಒಳಗೆ ಇದ್ದವರು ಹೆಚ್ಚು ಅಪಾಯದವರು. ಅವರಿಗೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ, ರಿಫಾಂಪಿಸಿನ್ 600 ಮಿ.ಗ್ರಾಂ ಒಂದು ಸಲ, 21 ದಿನ ಕೊಡುತ್ತಾರೆ. ಬಸುರಿಯಾಗಿದ್ದರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ತಿಳಿಸಿ: ರಿಫಾಂಪಿಸಿನ್ ಆ ಮಾತ್ರೆಯ ಬಲ ಕುಗ್ಗಿಸುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಔಷಧದ ಬಣ್ಣ.

ಮುಂದಿನ ಸಲಕ್ಕೆ: ಕಲ್ಚರ್ ಬಾಟಲಿ ಮೂರನೇ ದಿನದ ನಂತರ ಸೂಕ್ಷ್ಮಾಣು ಬೆಳೆದ ಸಿಗ್ನಲ್ ಕೊಟ್ಟು, ಗ್ರಾಂ ಸ್ಟೇನಿನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಸಣ್ಣ ಮರಳು ಚೆಲ್ಲಿದಂತೆ ಮಸುಕು ಗುಲಾಬಿ ಚುಕ್ಕೆ ಕಂಡರೆ ಕೈ ನಿಲ್ಲಿಸಿ. ಉಳಿದದ್ದೆಲ್ಲ ಸೇಫ್ಟಿ ಕ್ಯಾಬಿನೆಟ್ಟಿನಲ್ಲೇ. ಪ್ಲೇಟ್ ಮೂಸುವ ಹಳೇ ಅಭ್ಯಾಸ ದಯವಿಟ್ಟು ಬಿಡಿ. ಬ್ಯಾಕ್ಟೀರಿಯಾ ಗುರುತಿಸಲು ಮಾಡುವ ಕೆಟಲೇಸ್ ಪರೀಕ್ಷೆಯ ನೊರೆಯಿಂದಲೂ ಹನಿ ಹಾರುತ್ತದೆ.

ಪ್ರಶ್ನೆ: ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿ ಹತ್ತು ವರ್ಷ. ಬೂಸ್ಟರ್ ಬೇಕೇ?
– ವಿಜಯಪುರ

ಉತ್ತರ: ಕಣ್ಣುಮುಚ್ಚಿ ಬೂಸ್ಟರ್ ಬೇಡ, ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಬಂದ ಪ್ರತಿಕಾಯ) ಟೈಟರ್ ನೋಡಿ. 10 mIU/mLಗಿಂತ ಕಡಿಮೆ ಇದ್ದರೆ ಒಂದು ಡೋಸ್ ಹಾಕಿಸಿ, 1–2 ತಿಂಗಳಿಗೆ ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೆರಡು ಡೋಸ್ ಹಾಕಿಸಿ. ಆಗಲೂ ಏರದಿದ್ದರೆ ಸೋಂಕು ಮೊದಲೇ ಇದೆಯೇ ಎಂದು ಎಚ್‌ಬಿಎಸ್‌ಎಜಿ ಮಾಡಿಸಿ; ಇಲ್ಲವಾದರೆ ಫೈಲಿನ ಮೇಲೆ ‘ನಾನ್-ರೆಸ್ಪಾಂಡರ್’ (ಲಸಿಕೆಗೆ ಸ್ಪಂದಿಸದವರು) ಎಂದು ಬರೆಸಿ. ನಾಳೆ ಹೆಪಟೈಟಿಸ್ ಬಿ ಇರುವವರ ಸೂಜಿ ಚುಚ್ಚಿದರೆ ಅವರಿಗೆ 24 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾಗುತ್ತದೆ.